ಅಪ್ಪ ಬಿಟ್ಟಿದ್ದ ಬೆರಳಗಲದ ಸಂದು

ಮಹಡಿಯ ಹೊಲಿಗೆ ಕೋಣೆಯಲ್ಲಿ ನೂಲಿನ ಉಂಡೆ ಕೈಜಾರಿ ಬಿದ್ದರೆ ಯಾರೂ ಹುಡುಕುತ್ತಿರಲಿಲ್ಲ. ನೇರ ಮೂಲೆಗೆ ಹೋದರೆ ಸಾಕು, ಅದು ಅಲ್ಲಿ ಕಾಯುತ್ತಿರುತ್ತಿತ್ತು. ಗುಂಡಿ, ಬಾಬಿನ್, ಸೀಮೆಸುಣ್ಣ ಎಲ್ಲವೂ ಅಲ್ಲಿಗೇ ಉರುಳುತ್ತಿದ್ದವು. ಕಲಿಯಲು ಬರುವ ಹೆಂಗಸರು ಆ ಮೂಲೆಗೆ ‘ತವರುಮನೆ’ ಎಂದು ಹೆಸರಿಟ್ಟಿದ್ದರು.

ಕಲಿಸುವ ಟೀಚರಮ್ಮ ಮಾತ್ರ ಈಚೆಗೆ ಆ ಮಾತಿಗೆ ನಗುತ್ತಿರಲಿಲ್ಲ. ಎಂಟು ಮೆಷಿನ್ನು ಒಟ್ಟಿಗೆ ಓಡಿದರೆ ಹಲಗೆಯ ನೆಲ ಅಂಗಾಲಿಗೆ ತಾಗುವಷ್ಟು ನಡುಗುತ್ತಿತ್ತು. ಸೋಮವಾರ ಇನ್ನೂ ನಾಲ್ಕು ಮೆಷಿನ್ನು ಬರುವುದಿತ್ತು.

“ರೀ, ಈ ನೆಲ ಹೊತ್ತಿರೋ ತೊಲೆಗಳನ್ನ ಒಂದ್ಸಲ ಯಾರಿಗಾದ್ರೂ ತೋರಿಸಿ,” ಎಂದಳು ಗಂಡನಿಗೆ.

ಗಂಡ ಬಸ್ ಡ್ರೈವರ್. ಬೀದಿಗೆಲ್ಲ ಡ್ರೈವರಣ್ಣ. ಹೆಂಡತಿಯ ಮಾತು ಅವನಿಗೆ ಹಿಡಿಸಲಿಲ್ಲ. ಮನೆಯ ಮರಗೆಲಸವೆಲ್ಲ ಅವನ ಅಪ್ಪನ ಕೈಯದು. ಅಪ್ಪ ತೀರಿಕೊಂಡ ತಿಂಗಳು ಬಂತೆಂದರೆ ಪ್ರತಿ ವರ್ಷವೂ ತಾನೇ ಏಣಿ ಹತ್ತಿ ಆ ನಾಲ್ಕು ತೊಲೆಗಳಿಗೂ ಹಸಿರು ಪೇಂಟು ಬಳಿಯುತ್ತಿದ್ದ. ಮನೆಗೆ ಬಂದವರು ತಲೆಯೆತ್ತಿ ನೋಡದೆ ಹೋಗುವ ಹಾಗಿರಲಿಲ್ಲ.

“ಅಪ್ಪನ ತೊಲೆ ಅದು. ಆನೆ ನಿಂತ್ರೂ ಬಗ್ಗಲ್ಲ. ನೋಡು, ಕನ್ನಡಿ ಥರ ಹೊಳೀತಿದೆ.”

“ಹೊಳೆಯೋದು ಪೇಂಟು. ಮೇಲೆ ಹನ್ನೆರಡು ಜನ ಕೂತಿರ್ತಾರೆ. ಹೆಚ್ಚುಕಮ್ಮಿ ಆದ್ರೆ ಅವರ ಮನೆಯವರಿಗೆ ನಾನು ಏನಂತ ಹೇಳ್ಲಿ?”

ಭಾನುವಾರ ಬೆಳಿಗ್ಗೆ ಅವನ ತಂಗಿ ಬಂದಳು. ಅಪ್ಪನ ಕಸುಬು ಹಿಡಿದವಳು ಅವಳು. ಹಳೆಯ ಕಟ್ಟಡಗಳ ಮರ ರಿಪೇರಿ ಮಾಡುವ ತಂಡಕ್ಕೆ ಮೇಸ್ತ್ರಿ. ಫೋನು ಮಾಡಿ ಕರೆಸಿದ್ದು ಅತ್ತಿಗೆ.

“ಅಣ್ಣ, ಬಸ್ಸು ತೆಗೆಯೋಕೆ ಮುಂಚೆ ಟೈರಿಗೆ ರಾಡಲ್ಲಿ ಬಡೀತೀಯಲ್ಲ, ಯಾಕೆ?”

“ಗಾಳಿ ಇದ್ಯೋ ಇಲ್ವೋ ಅಂತ. ಸದ್ದಲ್ಲೇ ಗೊತ್ತಾಗತ್ತೆ.”

“ಬಸ್ಸಿನ ಪೇಂಟು ನೋಡ್ಕೊಂಡು ಹೊರಡಲ್ಲ ತಾನೇ?” ಎಂದು ಸುತ್ತಿಗೆ ಕೈಗಿಟ್ಟಳು. “ತಗೋ, ನೀನೇ ಬಡಿ. ನಾನು ಹೇಳಿದ್ರೆ ನಂಬೋ ಜಾತಿ ಅಲ್ಲ ನೀನು.”

ಅವನು ಏಣಿ ಹತ್ತಿ, ಮೇಲಿನ ‘ತವರುಮನೆ’ ಮೂಲೆಯನ್ನು ಹೊತ್ತ ತೊಲೆಯನ್ನು ನಡುವಿನಿಂದ ಬಡಿಯುತ್ತ ಬಂದ. ಟಣ್, ಟಣ್. ಹೆಂಡತಿಯ ಕಡೆ ಹುಬ್ಬೇರಿಸಿ ನೋಡಿದ. ಆ ಮೂಲೆಯ ಗೋಡೆಯ ಹತ್ತಿರ ಬರುತ್ತಲೇ ಸದ್ದು ಬದಲಾಯಿತು. ದಬ್. ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ. ಇನ್ನೊಮ್ಮೆ ಬಡಿದ. ಮತ್ತೆ ದಬ್. ಇಂಥ ಸದ್ದಿನ ಟೈರಿಟ್ಟುಕೊಂಡು ಅವನು ಯಾವತ್ತೂ ಡಿಪೋ ಗೇಟು ದಾಟಿದವನಲ್ಲ.

ತಂಗಿ ಅಲ್ಲೇ ಸ್ಕ್ರೂಡ್ರೈವರ್ ಚುಚ್ಚಿದಳು. ನಡುವಿನಲ್ಲಿ ಮೊನೆಯೂ ಇಳಿಯದ ಮರ, ಇಲ್ಲಿ ಅದನ್ನು ಹಿಡಿಯವರೆಗೆ ನುಂಗಿತು. ಪೇಂಟಿನ ಸಿಪ್ಪೆ ಸುಲಿದಾಗ ಒಳಗೆ ಕಂಡದ್ದು ಚೌಕಚೌಕವಾಗಿ ಬಿರಿದ ಕಂದು ಮರ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು, ಅಣಬೆಯ ವಾಸನೆ ಬರುತ್ತಿತ್ತು.

“ಗೆದ್ದಲಾ?” ಎಂದಳು ಟೀಚರಮ್ಮ.

“ಅಲ್ಲ ಅತ್ತಿಗೆ. ಗೆದ್ದಲಾಗಿದ್ರೆ ಗೋಡೆ ಮೇಲೆ ಮಣ್ಣಿನ ಗೆರೆ ಇರ್ತಿತ್ತು. ಇದು ಬೂಸ್ಟು. ತೇವ ಇದ್ದ ಕಡೆ ಕೂತು ಮರ ತಿನ್ನತ್ತೆ. ನೀರು ಎಲ್ಲಿಂದ ಬರ್ತಿದೆ ನೋಡೋಣ ಬನ್ನಿ.”

ಹೊರಗೆ, ಸರಿಯಾಗಿ ಆ ತುದಿಯ ಹಿಂದೆ, ಮಾಳಿಗೆಯ ನೀರಿಳಿಸುವ ಪೈಪು ಬಿರುಕು ಬಿಟ್ಟಿತ್ತು. ಗೋಡೆ ಪಾಚಿಗಟ್ಟಿತ್ತು. ತಂಗಿ ಒಳಗೆ ಬಂದು ಮತ್ತೆ ಏಣಿ ಹತ್ತಿದಳು.

“ನೀರು ಬಂದ್ರೂ ಇಷ್ಟು ಕೊಳೀಬಾರದಿತ್ತು. ತೊಲೆ ಗೋಡೆಯೊಳಗೆ ಹೋಗೋ ಕಡೆ ಅಪ್ಪ ಸುತ್ತ ಒಂದು ಬೆರಳು ಸಂದು ಬಿಡ್ತಿದ್ರು. ಎಲ್ಲಿ ಹೋಯ್ತು ಅದು?”

ಡ್ರೈವರಣ್ಣ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಐದು ವರ್ಷದ ಹಿಂದೆ ಎದುರುಮನೆಯವರು ಆ ಸಂದುಗಳನ್ನು ನೋಡಿ, ನಿಮ್ಮಪ್ಪ ಅರ್ಧ ಕೆಲಸ ಮಾಡಿ ಕೈಬಿಟ್ಟಿದ್ದಾರಲ್ಲ ಎಂದು ನಕ್ಕಿದ್ದರು. ಮಾರನೆಯ ದಿನವೇ ಅವನು ಸಿಮೆಂಟು ಕಲಸಿ ಎಂಟೂ ತುದಿಗಳ ಸಂದು ಮುಚ್ಚಿದ್ದ. ಅಪ್ಪನ ಮಾನ ಕಾಪಾಡಿದೆನೆಂದು ಅವತ್ತು ನೆಮ್ಮದಿಯಿಂದ ಮಲಗಿದ್ದ.

“ನಾನೇ ಮುಚ್ಚಿದೆ,” ಎಂದ. “ಅರ್ಧ ಕೆಲಸ ಅಂದ್ರು. ತಡ್ಕೊಳ್ಳೋಕಾಗ್ಲಿಲ್ಲ.”

“ಅರ್ಧ ಕೆಲಸ ಅಲ್ಲಣ್ಣ. ಒದ್ದೆಯಾದ್ರೂ ಮರ ಗಾಳಿಗೆ ಆರ್ಲಿ ಅಂತ ಬಿಟ್ಟಿದ್ದು. ಅಪ್ಪ ಇದನ್ನ ಹೇಳ್ಕೊಡುವಾಗ ನೀನು ತಟ್ಟೆ ತಿರುಗಿಸ್ಕೊಂಡು ಅಂಗಳದಲ್ಲಿ ಬಸ್ಸು ಓಡಿಸ್ತಿದ್ದೆ.”

ಅವನು ನಗಲಿಲ್ಲ. “ಹಾಗಾದ್ರೆ ಅಪ್ಪನ ತೊಲೆ ತೆಗೆದು ಬಿಸಾಕ್ಬೇಕಾ?”

“ಹಲ್ಲು ಹುಳುಕಾದ್ರೆ ದವಡೆ ಕೀಳ್ತಾರಾ? ಕೊಳೆತಿರೋದು ಒಂದು ಮೊಳ. ಆಚೆಗೆ ಮರ ಕಬ್ಬಿಣದ ಹಾಗಿದೆ. ಆದ್ರೆ ಇವತ್ತೇ ಮೆಷಿನ್ನೆಲ್ಲ ಕೆಳಗಿಳಿಸಿ. ರಿಪೇರಿ ಮುಗಿಯೋವರೆಗೂ ಮೇಲೆ ಯಾರೂ ಓಡಾಡ್ಬಾರದು.”

ಅಂದೇ ತೊಲೆಗೆ ಆಸರೆಯ ಕಂಬ ನಿಂತಿತು. ಮರುದಿನ ಪೈಪು ಬದಲಾಯಿತು. “ನೀರು ನಿಲ್ಲಿಸದೆ ಮರ ಹಾಕಿದ್ರೆ ಹೊಸದಕ್ಕೂ ಇದೇ ಗತಿ,” ಎಂದು ತಂಗಿ ಗೋಡೆ ಆರುವವರೆಗೆ ವಾರಗಟ್ಟಲೆ ಕಾಯಿಸಿದಳು. ಅಷ್ಟು ದಿನವೂ ಹೊಲಿಗೆ ಕೆಳಗಿನ ವರಾಂಡದಲ್ಲಿ ನಡೆಯಿತು. ಆಮೇಲೆ ಕೊಳೆತ ತುದಿಯನ್ನು ಅದರಾಚೆಯ ಒಂದಿಷ್ಟು ಗಟ್ಟಿ ಮರದ ಸಮೇತ ಕತ್ತರಿಸಿದಳು, ಬೂಸ್ಟು ಎಳೆಯಷ್ಟೂ ಉಳಿಯಬಾರದೆಂದು. ತಗ್ಗಿದ್ದ ತೊಲೆಯನ್ನು ಜಾಕಿನಿಂದ ಮೆಲ್ಲಗೆ ಮಟ್ಟಕ್ಕೆ ಎತ್ತಿ, ಚೆನ್ನಾಗಿ ಒಣಗಿದ ಹೊಸ ತುಂಡನ್ನು ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟು ಬಿಗಿದು ಕೂಡಿಸಿದಳು. ಗೋಡೆಯೊಳಗೆ ಸೇರುವ ತುದಿಗೆ ಕೊಳೆಯದಂತೆ ಮದ್ದು ಬಳಿದು, ಸುತ್ತ ಒಂದು ಬೆರಳು ಸಂದು ಬಿಟ್ಟಳು.

ಉಳಿದ ಏಳು ತುದಿಗಳ ಸಿಮೆಂಟನ್ನು ಡ್ರೈವರಣ್ಣ ಉಳಿ ಹಿಡಿದು ತಾನೇ ಕೆತ್ತಿ ತೆಗೆದ. ಒಂದೊಂದನ್ನೂ ಬಡಿದು ಕೇಳಿದ. ಏಳೂ ಟಣ್ ಎಂದವು.

ಈಗ ಮೇಲೆ ಹನ್ನೆರಡು ಮೆಷಿನ್ನು ಓಡುತ್ತವೆ. ಮೊದಲ ದಿನ ಯಾರದೋ ನೂಲಿನ ಉಂಡೆ ಬಿದ್ದು, ಬಿದ್ದಲ್ಲೇ ನಿಂತಿತು. “ತವರು ಮರೆತುಬಿಟ್ಲು,” ಎಂದರು ಯಾರೋ. ಟೀಚರಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮನೆಗೆ ಬಂದವರು ಈಗಲೂ ತಲೆಯೆತ್ತಲೇಬೇಕು. ಆದರೆ ಡ್ರೈವರಣ್ಣ ತೋರಿಸುವುದು ಪೇಂಟನ್ನಲ್ಲ. ಪೇಂಟು ಬಳಿಯದೆ ಬಿಟ್ಟ ಆ ಹೊಸ ತುಂಡನ್ನು, ಅದರ ಸುತ್ತಲಿನ ಸಂದನ್ನು. “ಇದು ನಮ್ಮಪ್ಪನ ಲೆಕ್ಕ, ಇದು ನನ್ನ ತಂಗಿಯ ಕೈ,” ಎನ್ನುತ್ತಾನೆ. ಮೊನ್ನೆ ಎದುರುಮನೆಯವರೇ ಬಂದು ಸುತ್ತಿಗೆ ಕೇಳಿದರು. ಕೊಟ್ಟ, ಹೇಗೆ ಬಡಿಯಬೇಕೆಂದೂ ಹೇಳಿಕೊಟ್ಟ.

ಇದನ್ನು ಓದಿದ ನೀವೂ ಒಮ್ಮೆ ಎದ್ದು ನಿಮ್ಮ ಮನೆಯ ತೊಲೆಯ ತುದಿ, ಕಿಟಕಿಯ ಅಡಿಪಟ್ಟಿ, ಬಾಗಿಲ ಚೌಕಟ್ಟಿನ ಬುಡ ಬಡಿದು ನೋಡಿ. ಸದ್ದು ಮಂಕಾದರೆ ಮೇಲೆ ಪೇಂಟು ಬಳಿಯಬೇಡಿ. ಭಾರ ಇಳಿಸಿ, ನೀರಿನ ಮೂಲ ಹುಡುಕಿ, ಬಲ್ಲ ಬಡಗಿಯನ್ನು ಕರೆಯಿರಿ. ನಿಮ್ಮ ಹಿರಿಯರು ಕಟ್ಟಿದ ಮರ ಇನ್ನೂ ಎಷ್ಟೋ ವರ್ಷ ನಿಮ್ಮನ್ನು ಹೊತ್ತು ನಿಲ್ಲಬಲ್ಲದು. ಅದಕ್ಕೆ ಬೇಕಾದದ್ದು ಒಣ ಗೋಡೆ, ಒಂದು ಬೆರಳು ಗಾಳಿ, ವರ್ಷಕ್ಕೊಮ್ಮೆ ನಿಮ್ಮ ಕಿವಿ.