ಹದ್ದು ಕೆಳಗಿಳಿದದ್ದು

ಕ್ರೇನ್ ಓಡಿಸುವ ನನ್ನ ಗಂಡನನ್ನು ಕಟ್ಟಡದ ಕೆಲಸದವರೆಲ್ಲ ‘ಹದ್ದು’ ಅನ್ನುತ್ತಾರೆ. ನಾನು ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವರಿಗೆ ದಾರಿ ಹೇಳುವವಳು. ಮನೆಯಲ್ಲಿ ‘ರೀ’ ಅನ್ನುವ ಬಾಯಿ ಅಲ್ಲಿ ‘ಹದ್ದೇ, ಎಡಕ್ಕೆ ತಿರುಗು, ನಿಧಾನ ಇಳಿಸು’ ಅಂತ ಏಕವಚನದಲ್ಲಿ ಆಳುತ್ತದೆ. ಈ ಸುಖ ಎಷ್ಟು ಹೆಂಡತಿಯರಿಗೆ ಸಿಕ್ಕಿದೆ ಹೇಳಿ! ಜಂಬ ಅಂದರೆ ಜಂಬವೇ. ಕಬ್ಬಿಣದ ಕಂತೆಯನ್ನು ತೊಟ್ಟಿಲಿಗೆ ಮಗು ಹಾಕಿದ ಹಾಗೆ ಇಳಿಸುವ ಕೈ ನನ್ನ ಗಂಡನದು.

ಅವರ ಜಂಬವೇ ಬೇರೆ. ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುವುದು ಸಂಜೆಗೇ. ನಮ್ಮಲ್ಲೊಂದು ನಿಯಮವಿದೆ. ಆಪರೇಟರ್ ಸೀಟು ಬಿಡುವ ಮುಂಚೆ ಭಾರ ಇಳಿಸಿ, ಯಾಕೆ ಬಿಡುತ್ತಿದ್ದೇನೆ ಅಂತ ವಾಕಿಟಾಕಿಯಲ್ಲಿ ಹೇಳಬೇಕು. ಅದು ಎಲ್ಲರ ಕಿವಿಗೂ ಬೀಳುತ್ತದೆ. ಇನ್ನೊಂದು ಕ್ರೇನಿನವನು ಒಮ್ಮೆ ‘ಒಂದಕ್ಕೆ ಹೋಗ್ಬೇಕು’ ಅಂದದ್ದಕ್ಕೆ ಎಲ್ಲ ಮಹಡಿಗಳಿಂದ ಶಿಳ್ಳೆ ಬಿತ್ತು. ಅಂದಿನಿಂದ ಅವನಿಗೆ ‘ನಲ್ಲಿ’ ಅಂತಲೇ ಹೆಸರು. ತಾನೂ ನಲ್ಲಿ ಆಗಬಾರದೆಂದು ನಮ್ಮವರು ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ವರ್ಷಗಟ್ಟಲೆ ಉಚ್ಚೆ ಕಟ್ಟಿಕೊಂಡು ಕೂತರು.

ಆಮೇಲೆ ಒಂದು ದಿನ ಅವರ ಚಾಪೆ ಹಜಾರಕ್ಕೆ ಹೋಯಿತು. ‘ಸೆಕೆ’ ಅಂದರು. ಸೆಕೆ ಹೋಗಿ ಚಳಿ ಬಂದರೂ ಚಾಪೆ ಒಳಗೆ ಬರಲಿಲ್ಲ. ಹಗಲೆಲ್ಲ ನನ್ನ ಕಿವಿಯಲ್ಲೇ ಇರುವವರು ಮನೆಯಲ್ಲಿ ಮುಖ ತಪ್ಪಿಸುತ್ತಿದ್ದರು. ಇನ್ಯಾರೋ ಇದ್ದಾಳೆ ಅಂತ ನನಗೆ ಮೈಯೆಲ್ಲ ಉರಿಯಿತು. ಕೇಳಿದರೆ ಗೋಡೆ ಕಡೆ ತಿರುಗಿ ಮುಸುಕೆಳೆದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಕಿಟಕಿ ಚೌಕಟ್ಟುಗಳ ಕಂತೆ ಗಾಳಿಯಲ್ಲಿದ್ದಾಗ ವಾಕಿಟಾಕಿಯಲ್ಲಿ ‘ಅಮ್ಮಾ’ ಅಂತ ನರಳಿದ್ದು ಕೇಳಿಸಿತು. “ಹದ್ದೇ, ನಿಲ್ಲಿಸು” ಅಂದೆ. ನಿಂತಿತು. “ಇಳಿಸು” ಅಂದೆ. ಕಂತೆ ಸದ್ದಿಲ್ಲದೆ ನೆಲ ಮುಟ್ಟಿತು. ಆಗಲೂ ಅವರು ಸೀಟು ಬಿಡಲಿಲ್ಲ. ಸಂಜೆ ಇಳಿದು ಬಂದಾಗ ಅವರ ಪ್ಯಾಂಟಿನ ಮುಂದೆ ರಕ್ತದ ಕಲೆ ಇತ್ತು.

ಮನೆಗೆ ಬಂದವಳೇ ಬಾಗಿಲು ಹಾಕಿದೆ. “ಈಗ ಹೇಳ್ರೀ.”

“ಏನಂತ ಹೇಳ್ಲಿ ಕಣೇ? ಉಚ್ಚೆ ಬರ್ತಾ ಬರ್ತಾ ತಟ್ಟನೆ ನಿಂತುಹೋಗುತ್ತೆ. ಪಕ್ಕಕ್ಕೆ ವಾಲಿದ್ರೆ ಮತ್ತೆ ನಾಲ್ಕು ಹನಿ. ತುದೀಲಿ ಸೂಜಿ ಚುಚ್ಚಿದ ಹಾಗೆ. ನಿನ್ನ ಜೊತೆ ಇದ್ದಾಗ್ಲೂ ಕೊನೇಲಿ ಬೆಂಕಿ ಬಿದ್ದ ಹಾಗಾಗ್ತಿತ್ತು. ಆ ಹೆದರಿಕೆಗೇ ಈಗ ಏನೂ ಆಗಲ್ಲ. ನನ್ನ ಗಂಡಸ್ತನ ಮುಗೀತು.”

“ಮುಗಿದಿರೋದು ನಿಮ್ಮ ಬುದ್ಧಿ!” ಅಂದೆ. ಅಂದು, ಅತ್ತುಬಿಟ್ಟೆ. ಇನ್ನೊಬ್ಬಳಿಲ್ಲ ಅನ್ನುವ ಸಮಾಧಾನಕ್ಕಿಂತ, ಇಷ್ಟು ದಿನ ಒಬ್ಬರೇ ನರಳಿದರಲ್ಲ ಅನ್ನುವ ಸಂಕಟವೇ ಹೆಚ್ಚಾಗಿತ್ತು.

ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ ತೋರಿಸಿದರು. ಮೂತ್ರಕೋಶದಲ್ಲಿ ಗೋಲಿ ಗಾತ್ರದ ಕಲ್ಲು. “ಪ್ರಾಸ್ಟೇಟ್ ಗ್ರಂಥಿ ಊದಿದೆ, ಮೂತ್ರ ಪೂರ್ತಿ ಖಾಲಿ ಆಗ್ತಿಲ್ಲ. ನೀರು ಬೇರೆ ಕುಡಿಯಲ್ಲ. ಉಳಿದದ್ದು ಗಟ್ಟಿಯಾಗಿ ಕಲ್ಲಾಗಿದೆ. ಅದು ಕೋಶದ ಬಾಯಿಗೆ ಅಡ್ಡ ಬಂದಾಗ ಧಾರೆ ನಿಲ್ಲುತ್ತೆ.”

ನಮ್ಮವರು ತಲೆ ತಗ್ಗಿಸಿ ಕೂತಿದ್ದರು. ಗಂಡ-ಹೆಂಡಿರ ವಿಷಯವನ್ನು ನಾನೇ ಬಾಯಿಬಿಟ್ಟು ಕೇಳಿದೆ.

“ನೋವು ಹೋದ್ರೆ ಹೆದರಿಕೆಯೂ ಹೋಗುತ್ತೆ, ಹೆಚ್ಚಿನವರಿಗೆ ಸರಿಹೋಗುತ್ತೆ. ಆದ್ರೆ ಮತ್ತೆ ಕಟ್ಟಿಕೊಂಡು ಕೂತ್ರೆ ಮತ್ತೆ ಕಲ್ಲಾಗಬಹುದು.”

ಕೊಳವೆ ಹಾಕಿ ಕಲ್ಲನ್ನು ಪುಡಿ ಮಾಡಿ ತೆಗೆದರು, ಊತಕ್ಕೆ ಮಾತ್ರೆ ಕೊಟ್ಟರು. ನೋವು ಹೋಯಿತು. ಚಾಪೆ ಮಾತ್ರ ಹಜಾರದಲ್ಲೇ ಇತ್ತು. ಅವರ ಹೆದರಿಕೆ ಇನ್ನೂ ಬಿಟ್ಟಿರಲಿಲ್ಲ.

ಕೆಲಸಕ್ಕೆ ಮರಳಿದ ದಿನ ಅವರ ಚೀಲದಲ್ಲಿ ನೀರಿನ ಬಾಟಲಿ ಇಟ್ಟೆ. ಮಧ್ಯಾಹ್ನ ನಾನು ಹೇಳದೆಯೇ ಕ್ರೇನು ಭಾರ ಇಳಿಸಿ ನಿಂತಿತು. ‘ಇಳಿ’ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಅದನ್ನು ಅವರೇ ಹೇಳಬೇಕಿತ್ತು.

“ಹದ್ದು ಸೀಟು ಬಿಡ್ತಿದೆ. ಒಂದಕ್ಕೆ ಹೋಗ್ಬೇಕು.”

ಶಿಳ್ಳೆಯೋ ಶಿಳ್ಳೆ. “ಎರಡನೇ ನಲ್ಲಿ!” ಅಂತ ಯಾರೋ ಕೂಗಿದರು.

“ಹೊಡೀರಿ ಶಿಳ್ಳೆ. ಕಟ್ಟಿಕೊಂಡು ಕೂತು ಕೂತು ಮೂತ್ರಕೋಶದಲ್ಲಿ ಕಲ್ಲು ಬೆಳೆಸ್ಕೊಂಡಿದ್ದೆ. ರಕ್ತ ಹೋಯ್ತು. ಹೆಂಡತಿ ಪಕ್ಕ ಮಲಗೋಕೂ ಆಗ್ತಿರಲಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಧಾರೆ ನಿಂತು ನಿಂತು ಬರ್ತಿದ್ರೆ, ನಾಚ್ಕೊಂಡು ಸಾಯಬೇಡಿ. ಡಾಕ್ಟರ್ ಹತ್ರ ಹೋಗಿ.”

ಶಿಳ್ಳೆ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾಚಿಕೆಯಾಗಲಿಲ್ಲವೇ ಅಂದರೆ ಆಯಿತು. ಆದರೂ ತಲೆ ತಗ್ಗಿಸಲಿಲ್ಲ. ಅಷ್ಟೆತ್ತರದ ಏಣಿಯಲ್ಲಿ ಎಲ್ಲರೂ ನೋಡುತ್ತಿರುವಾಗ ಇಳಿದು ಬರುತ್ತಿದ್ದವರು ನನ್ನ ಗಂಡ. ಅವರು ಹತ್ತುವುದನ್ನು ದಿನಾ ನೋಡಿದ್ದೇನೆ, ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಆಗ ಇನ್ನೊಂದು ಕ್ರೇನಿನಿಂದ ದನಿ ಬಂತು. “ನಲ್ಲಿ ಭಾರ ಇಳಿಸಿದೆ. ನಂಗೂ ಹೋಗ್ಬೇಕು.” ಈ ಸಲ ಎಲ್ಲರೂ ಮನಸಾರೆ ನಕ್ಕರು.

ಸಂಜೆ ಮನೆಗೆ ಬಂದು ನಾನು ಮುಖ ತೊಳೆದು ಬರುವಷ್ಟರಲ್ಲಿ ಹಜಾರ ಖಾಲಿಯಾಗಿತ್ತು. ಕೋಣೆಯಲ್ಲಿ ಅವರು ಚಾಪೆ ಹಿಡಿದು ನಿಂತಿದ್ದರು, ಎಲ್ಲಿ ಹಾಸುವುದೆಂದು ತೋಚದವರ ಹಾಗೆ.

“ಬಲಕ್ಕೆ” ಅಂದೆ. “ಇನ್ನೂ ಸ್ವಲ್ಪ ನನ್ನ ಕಡೆಗೆ, ಹದ್ದೇ. ಹಾಂ. ಈಗ ನಿಧಾನ ಇಳಿಸು.”