ಗಾಜಿನ ನಳಿಗೆಯೊಳಗೆ ಇವರು

ಹಳದಿ, ರಕ್ತದೊಳಗೆ ಹಳದಿ ನೀರು, ಯಾರು ಎಣಿಸಿದ್ದರು ದೇವರೇ — ಯಂತ್ರದಲ್ಲಿ ಗಿರಗಿರ ತಿರುಗಿಸಿದ್ದೇ ಕೆಂಪೆಲ್ಲ ತಳಕ್ಕಿಳಿದು ಮೇಲೆ ತಿಳಿ ನಿಂತಿತು, ಆ ತಿಳಿಯೇ ಈಗ ಬೆಚ್ಚಗಿನ ನೀರಿನಲ್ಲಿ ಎರಡು ನಳಿಗೆಯಾಗಿ ನಿಂತಿದೆ, ಅರಿಶಿನ ಕಲಸಿದಂತಿರುವುದು ಇವರದು, ತೆಳುಹಳದಿಯದು ನನ್ನದು, ಹೋಲಿಸಿ ನೋಡಾಕ ಒಂದು ಛಲೋ ರಕ್ತ ಬೇಕ್ರಿ ಅಮ್ಮಾರ ಎಂದರು ಡಾಕ್ಟರು ಗುರುಸಿದ್ದಪ್ಪ, ನಮ್ಮ ರಾಜೀವಿಗಿಂತ ಗಟ್ಟಿ ಯಾರುಂಟು ಡಾಕ್ಟ್ರೇ ಎಂದು ನನ್ನತ್ತ ಕೈ ತೋರಿಸಿ ಮಂಚದಿಂದಲೇ ಇವರ ತಮಾಷೆ, ಸಾಯುವ ಮನುಷ್ಯನಿಗೆ — ಛೀ, ಹಾಗೆಲ್ಲ ಎಣಿಸಬಾರದು. ಒಂದು ಹನಿ ಕುಡಿದವರಲ್ಲ, ಲಿವರ್ ಕೆಡುವುದು ಹೇಗೆ, ನಾಸಿಕದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಹೊಟ್ಟೆ ಬಂತು ಅಂದುಕೊಂಡೆವು, ಶೇಟ್‌ಜೀ ಧಂದಾ ಜೋರಾತ್, ವ್ಯಾಪಾರ ಭರ್ಜರಿ ಎಂದು ಗಿರಾಕಿಗಳು ನಕ್ಕರು, ನಾನೂ ಹಿಗ್ಗಿದೆ, ಅಂಗಿ ಬಿಗಿಯಾದಾಗ ಹೊಸದು ಹೊಲಿಸಿದೆ, ಒಳಗೆ ತುಂಬುತ್ತಿದ್ದದ್ದು ನೀರು ಮಾರಾಯ್ರೆ, ಬರೀ ನೀರು, ಕಾಲು ಊದಿ ಕಣ್ಣು ಹಳದಿಯಾದ ಮೇಲೆ ಎಸ್‌ಟಿ ಬಸ್ಸು ಹತ್ತಿ ಈ ಔರಂಗಾಬಾದಿನ ಆಸ್ಪತ್ರೆಗೆ ಓಡಿ ಬಂದದ್ದು, ಯೇವಲಾ ದಾಟುವಾಗ ಕಿಟಕಿಗೆ ತಲೆಯಿಟ್ಟು ನಿನಗೊಂದು ಪೈಠಣಿ ಸೀರೆ ತೆಗೆಯಬೇಕಿತ್ತು ಎಂದರು, ವಾಪಸು ಹೋಗುವಾಗ ತೆಗೀರಿ ಎಂದು ರೇಗಿದೆ, ಅಳು ಬಂದರೆ ನನಗೆ ರೇಗುವುದೊಂದೇ ಗೊತ್ತು.

ರಕ್ತ ಗಟ್ಟಿಯಾಗೂ ಮಾಲು ತಯಾರಾಗೂದು ಲಿವರಿನಾಗ್ರಿ, ಅದರಾಗ ಎಷ್ಟು ಜೀವ ಉಳದದ ಅಂತ ರಕ್ತನ ಹೇಳ್ತದ, ಇಂಜೆಕ್ಷನ್ ಕೊಟ್ಟು ನೋಡೇವಿ, ಇವತ್ತರ ಲಗೂನ ಗಟ್ಟಿಯಾದ್ರ ದಾರಿ ಅದ, ಇಲ್ಲಾಂದ್ರ ಮನೀಗೆ ಕರಕೊಂಡು ಹೋಗ್ರಿ ಎಂದಿದ್ದರು ಡಾಕ್ಟರು — ಹೊಟ್ಟೆ ಕೊಯ್ಯದೆ, ಒಳಗೆ ಇಣುಕದೆ, ಬೆರಳುದ್ದದ ಗಾಜಿನಲ್ಲಿ ಒಬ್ಬ ಮನುಷ್ಯನ ಮುಂದಿನ ದಿನಗಳು, ಅಬ್ಬಾ, ಮೈ ಜುಮ್ಮೆನ್ನುತ್ತದೆ, ಕೈ ಮುಗಿಯೋಣ ಎನಿಸುತ್ತದೆ. ನನ್ನದಕ್ಕೆ ಗಟ್ಟಿಯಾಗಿಸುವ ಮದ್ದು ಬಿತ್ತು, ಗಡಿಯಾರ ಒತ್ತಿದರು, ನಳಿಗೆ ಓರೆ ಮಾಡಿದರು, ಮತ್ತೆ ಓರೆ — ಅಯ್ಯೋ, ನಿಂತೇಬಿಟ್ಟಿತು, ಬಿಳಿ ಎಳೆ ಎಳೆ, ಕದಲುವುದಿಲ್ಲ, ಯಾರು ಕಲಿಸಿದರು ಇದಕ್ಕೆ, ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದರೆ ಸೆರಗು ಸುತ್ತಿ ಮರೆತುಬಿಡುತ್ತಿದ್ದೆನಲ್ಲ, ಆಗೆಲ್ಲ ಇಷ್ಟು ದೊಡ್ಡ ಕೆಲಸ ನಡೆದಿತ್ತೇ ನನ್ನೊಳಗೆ, ಈಗ ಇವರದು, ಮದ್ದು, ಗಡಿಯಾರ, ಓರೆ, ಜಾರಿತು, ಓರೆ, ಜಾರಿತು, ಬೇಗ ಮಾರಾಯ್ರೆ, ಎಲ್ಲದಕ್ಕೂ ತಡ ನಿಮ್ಮದು, ಮದುವೆ ದಿಬ್ಬಣವೂ ಮುಹೂರ್ತ ಮೀರುವಾಗ ಬಂದದ್ದು, ಬಂತಲ್ಲ ಆದರೂ, ಬನ್ನಿ, ಜಾರಿತು, ಡಾಕ್ಟರು ಗಡಿಯಾರ ನೋಡುತ್ತಾರೆ, ಮೊಸರಾಗದ ಹಾಲಿಗೆ ಪಕ್ಕದ ಪಾತ್ರೆಯಿಂದ ಒಂದು ಚಮಚ ಹಾಕುತ್ತೇವಲ್ಲ, ಡಾಕ್ಟ್ರೇ, ನನ್ನ ರಕ್ತ ಇನ್ನಷ್ಟು ತೆಗೆದು ಇವರದಕ್ಕೆ ಹಾಕಿ ಎಂದೆ, ಬಾಯಿಬಿಟ್ಟು ಹೇಳಿಯೇಬಿಟ್ಟೆ, ಅವರು ನಗಲಿಲ್ಲ, ಹಾಕಿದ್ರ ನಳಿಗ್ಯಾಗಿಂದು ಗಟ್ಟಿ ಆಗ್ತದ್ರಿ ಅಮ್ಮಾರ, ಖರೇನ ಆಗ್ತದ, ಆದ್ರ ಲಿವರ್ ಅದs ಇರ್ತದಲ್ರಿ — ಆಗುತ್ತದಂತೆ, ನನ್ನದು ಸೇರಿದರೆ ಇವರದು ನಿಲ್ಲುತ್ತದಂತೆ, ಈ ಗಾಜಿನಲ್ಲಿ ಮಾತ್ರ, ಓರೆ, ಹಳದಿ ನೀರು, ಜಾರಿತು, ಓರೆ, ಜಾರುತ್ತಿದೆ, ಜಾರುತ್ತಲೇ ಇದೆ