ಯಾವ ಕಡೆಯ ಮೆಟ್ಟಿಲು?

ರೈಲು ಹಳಿ ದಾಟುವ ಕಾಲುಸೇತುವೆಯ ಮೆಟ್ಟಿಲು ಅಲುಗಾಡುತ್ತಿದೆ ಎಂದು ಆಕೆ ಎರಡು ಸಲ ವರದಿ ಕೊಟ್ಟಿದ್ದಳು. ಸೇತುವೆಗಳ ತಪಾಸಣೆಯೇ ಆಕೆಯ ಕೆಲಸ. ಎರಡು ಸಲವೂ ರಿಪೇರಿಯವರು ಬಂದರು, ತಟ್ಟಿ ನೋಡಿದರು, "ದೋಷ ಕಂಡುಬಂದಿಲ್ಲ" ಎಂದು ಬರೆದು ಹೋದರು. ಇತ್ತ ದಿನಾ ಬೆಳಿಗ್ಗೆ ಮುನ್ನೂರು ಮಕ್ಕಳು ಅದೇ ಮೆಟ್ಟಿಲಿಳಿದು ಶಾಲೆಗೆ ಓಡುತ್ತಿದ್ದರು.

ಭಾನುವಾರ ಆಕೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಗ ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಹಾಲಿನ ಪ್ಯಾಕೆಟ್ಟಿನ ಮೇಲಿನ ಅಕ್ಷರವನ್ನೂ ಬಿಡದೆ ಓದುವವರು.

"ಏನಮ್ಮಾ, ಪಾತ್ರೆ ಏನು ತಪ್ಪು ಮಾಡ್ತು?"

"ಪಾತ್ರೆ ಅಲ್ಲ ಮಾವ, ಆ ರಿಪೇರಿಯವರು. ಕಣ್ಣಿದ್ದೂ ಕುರುಡರು!"

"ನಿನ್ನ ವರದಿ ಕೊಡು, ನಾನೂ ಒಂದ್ಸಲ ನೋಡ್ತೀನಿ."

"ಅದ್ರಲ್ಲಿ ನೋಡೋದೇನಿದೆ? ತುಕ್ಕು ಹಿಡಿದಿದೆ ಅಂದ್ರೆ ಹಿಡಿದಿದೆ. ನಾನೇನು ಕಥೆ ಬರೀತೀನಾ, ಚೆಂದ ನೋಡೋಕೆ?"

"ಹಾಗಾದ್ರೆ ನೀನೇ ಓದು. ಗಟ್ಟಿಯಾಗಿ."

ಒಲ್ಲದ ಮನಸ್ಸಿನಿಂದ ಓದಿದಳು. ಮೊದಲ ಪುಟವಿಡೀ ಸೇತುವೆಯ ಉದ್ದ, ಅಗಲ, ಕಟ್ಟಿದ ವರ್ಷ. ಎರಡನೆಯ ಪುಟದಲ್ಲಿ, "ಪೂರ್ವ ದಿಕ್ಕಿನ ಮೆಟ್ಟಿಲುಗಳಿಗೆ ಸಂಬಂಧಿಸಿದಂತೆ ಆಧಾರ ತೊಲೆಯಲ್ಲಿ ಕಂಡುಬಂದಿರುವ ತುಕ್ಕಿನ ಹಿನ್ನೆಲೆಯಲ್ಲಿ ಸೂಕ್ತ ಕ್ರಮ ಕೈಗೊಳ್ಳುವ ಬಗ್ಗೆ ಪರಿಶೀಲಿಸಬಹುದಾಗಿದ್ದು..." ಅಷ್ಟರಲ್ಲಿ ಉಸಿರೇ ಸಾಲದಾಯಿತು.

"ಶಾಲೆ ಇರೋದು ಯಾವ ದಿಕ್ಕಿಗಮ್ಮಾ?" ಎಂದರು ಮಾವ.

"ಪಶ್ಚಿಮಕ್ಕೆ" ಅಂದವಳು ಆ ಸಾಲನ್ನು ಮತ್ತೆ ನೋಡಿದಳು. ಪೂರ್ವಕ್ಕಿರುವ ಮಾರುಕಟ್ಟೆ ಬದಿಯ ಹಳೆಯ ವರದಿಯನ್ನೇ ನಕಲು ಮಾಡಿಕೊಂಡು ತಿದ್ದಿದ್ದಳು. ಆ ಒಂದು ಪದ ಎರಡು ವರದಿಗಳಲ್ಲೂ ಹಾಗೇ ಉಳಿದಿತ್ತು. ರಿಪೇರಿಯವರು ಎರಡು ಸಲವೂ ಗಟ್ಟಿಮುಟ್ಟಾದ ಮೆಟ್ಟಿಲನ್ನೇ ತಟ್ಟಿ ಹೋಗಿದ್ದರು!

"ಅಯ್ಯೋ ಮಾವ, ಕುರುಡಿ ನಾನೇ!"

"ಬರೆದವರಿಗೆ ತಾವು ಬರೆದದ್ದು ಕಾಣಲ್ಲಮ್ಮ, ಬರೀಬೇಕು ಅಂದ್ಕೊಂಡಿದ್ದೇ ಕಾಣುತ್ತೆ. ಅದಕ್ಕೇ ಇನ್ನೊಬ್ಬರ ಕಣ್ಣು ಬೇಕು. ಈಗ ಹೇಳು, ಆ ರಿಪೇರಿ ಮೇಸ್ತ್ರಿ ನಿನ್ನೆದುರಿಗೇ ನಿಂತಿದ್ರೆ ಏನಂತಿದ್ದೆ?"

ಆಕೆ ಹೇಳಿದಳು. ಹೇಳಿದ್ದನ್ನೇ ಬರೆದಳು: "ಶಾಲೆಯ ಬದಿಯ ಮೆಟ್ಟಿಲು ಅಪಾಯದಲ್ಲಿದೆ. ಕೆಳಗಿನಿಂದ ಏಳನೆಯ ಮೆಟ್ಟಿಲಿನ ಅಡಿಯ ತೊಲೆ ತುಕ್ಕಿನಿಂದ ಸವೆದಿದೆ. ಇಂದೇ ಮುಚ್ಚಿಸಿ. ಹಿಂದಿನ ಎರಡು ವರದಿಗಳಲ್ಲಿ ನಾನು ದಿಕ್ಕನ್ನು ತಪ್ಪಾಗಿ ಬರೆದಿದ್ದೆ."

ಕೊನೆಯ ಸಾಲಿಗೆ ಕೈ ಕೊಂಚ ತಡೆಯಿತು. ಆದರೂ ಬರೆದಳು.

"ಏಳನೇದೇ ತಾನೆ?" ಮಾವ ಮತ್ತೆ ಕೇಳಿದರು. ತಪಾಸಣೆಯಲ್ಲಿ ತೆಗೆದ ಫೋಟೊ ನೋಡಿ ಎಣಿಸಿದಳು. ಏಳೇ. ವರದಿ ಕಳಿಸಿ, ಹಿರಿಯ ಎಂಜಿನಿಯರಿಗೆ ಫೋನನ್ನೂ ಮಾಡಿದಳು.

ಅಂದು ಸಂಜೆಯೊಳಗೆ ಮೆಟ್ಟಿಲಿಗೆ ಅಡ್ಡಗಟ್ಟೆ ಬಿತ್ತು. ಮರುದಿನ ಮೇಸ್ತ್ರಿ ನೇರ ಏಳನೆಯ ಮೆಟ್ಟಿಲಿನ ಅಡಿಗೆ ಹೋಗಿ ಒಂದು ಏಟು ಹಾಕಿದ. ಸುತ್ತಿಗೆ ತೊಲೆಯೊಳಗೇ ತೂರಿಹೋಯಿತು!

"ಅಬ್ಬಬ್ಬಾ! ಸರಿಯಾದ ಸಮಯಕ್ಕೆ ಹೇಳಿದ್ರಿ ಮೇಡಂ. ಈ ಸಲ ಕಾಗದ ಓದಿದ ಕೂಡ್ಲೇ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಯ್ತು."

ಹತ್ತೇ ದಿನಕ್ಕೆ ಹೊಸ ತೊಲೆ ಕೂತಿತು. ಮುನ್ನೂರು ಮಕ್ಕಳು ದಡದಡನೆ ಇಳಿದರೂ ಮೆಟ್ಟಿಲು ಅಲುಗಲಿಲ್ಲ. ಆ ನಾಲ್ಕು ಸಾಲಿನ ವರದಿಯನ್ನು ಹಿರಿಯ ಎಂಜಿನಿಯರು ಸಭೆಯಲ್ಲಿ ಓದಿ, "ಇನ್ಮೇಲೆ ಎಲ್ಲರೂ ಹೀಗೇ ಬರೀರಿ" ಎಂದಾಗ ಇಡೀ ಕಚೇರಿ ಚಪ್ಪಾಳೆ ತಟ್ಟಿತು.

ಅಕ್ಕಂದಿರೇ, ಅಣ್ಣಂದಿರೇ, ಆಸ್ಪತ್ರೆಯಲ್ಲಾಗಲಿ, ಕಾರ್ಖಾನೆಯಲ್ಲಾಗಲಿ, ನಿಮ್ಮ ವರದಿಯನ್ನು ನಂಬಿ ಯಾರೋ ಹೆಜ್ಜೆ ಇಡುತ್ತಾರೆ. ಮುಖ್ಯ ಮಾತನ್ನು ಮೊದಲೇ ಹೇಳಿ. ಗಟ್ಟಿಯಾಗಿ ಓದಿ, ಇನ್ನೊಬ್ಬರಿಂದಲೂ ಓದಿಸಿ. ತಪ್ಪು ಸಿಕ್ಕರೆ ನಾಚಬೇಡಿ, ತಿದ್ದಿ. ಇವತ್ತಿನ ವರದಿ ಇನ್ನೂ ನಿಮ್ಮ ಮೇಜಿನ ಮೇಲೇ ಇದೆಯೇ? ಒಳ್ಳೆಯದಾಯಿತು. ಕಳಿಸುವ ಮುನ್ನ ಇನ್ನೊಂದು ಸಲ ಓದಿಬಿಡಿ.